ಹಳೇ ಪಂಚಾಂಗ

ಚಿಕ್ಕಮ್ಮನ ಮೇಲೆ ನಾನು ಸುಮ್ಮಸುಮ್ಮನೆ ರೇಗಿದ ಕಥೆ ಇದು. ತಪ್ಪು ನನ್ನದು, ಅದಕ್ಕೇ ಬರೀತಿದ್ದೀನಿ.

ನಮ್ಮ ಕಡೆಯವರಿಗೆ ಅಂತ ಒಂದು ಚಿಕ್ಕ ವೆಬ್ ಪುಟ ಮಾಡಿಟ್ಟಿದ್ದೀನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂರಿನ ಬಸ್ಸುಗಳ ವೇಳೆ, ಅಷ್ಟೇ. ನೆಂಟರು, ಅವರ ಅಕ್ಕಪಕ್ಕದವರು ನೋಡ್ತಾರೆ. ವೇಳೆಗಳೆಲ್ಲ ಒಂದು ಜಾವಾಸ್ಕ್ರಿಪ್ಟ್ ಫೈಲಿನಲ್ಲಿವೆ. ದಾರಿಯಲ್ಲಿ ಸಿಗ್ನಲ್ ಕೈಕೊಟ್ಟರೂ ಪುಟ ಬೇಗ ತೆರೆಯಲಿ ಅಂತ ಆ ಫೈಲಿಗೆ ‘ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್=2592000’ ಅಂತ ಹಾಕಿದ್ದೆ. ಅಷ್ಟು ಸೆಕೆಂಡು ಅಂದರೆ 30 ದಿನ. (ದುಡ್ಡಿನ ಕ್ಯಾಶ್ ಅಲ್ಲ ಮತ್ತೆ, ಬ್ರೌಸರ್ ತನ್ನ ಹತ್ತಿರ ಎತ್ತಿಟ್ಟುಕೊಳ್ಳೋ ಪ್ರತಿ!)

ಪಾವಗಡದಿಂದ ಬೆಳಗ್ಗೆ 6.30ಕ್ಕೆ ಹೊರಡುತ್ತಿದ್ದ ಬಸ್ಸು 6.10ಕ್ಕೆ ಬದಲಾಯಿತು. ನಾನು ಫೈಲು ತಿದ್ದಿದೆ, ಕಂಟ್ರೋಲ್ ಎಫ್5 ಒತ್ತಿ ನೋಡಿದೆ, ಸರಿಯಾಗಿತ್ತು. ನೆಮ್ಮದಿಯಾಗಿ ಮಲಗಿದೆ.

ವಾರ ಕಳೆದು ಚಿಕ್ಕಮ್ಮ ಕಣ್ಣು ತೋರಿಸೋಕೆ ತುಮಕೂರಿಗೆ ಹೊರಟಿದ್ದರು. ಬಸ್ಸು ತಪ್ಪಿತು. ಮುಂದಿನದರಲ್ಲಿ ಮಧುಗಿರಿ, ಕೊರಟಗೆರೆ ದಾಟಿ ಹೋಗುವಷ್ಟರಲ್ಲಿ ಡಾಕ್ಟರು ಎದ್ದು ಹೋಗಿದ್ದರು. “ನಿಂದ್ರಾಗೆ ಆರೂವರೆ ಅಂತಲೇ ಐತಲ್ಲೋ” ಅಂದರು. “ನೀವೇ ಸರಿಯಾಗಿ ನೋಡಿಲ್ಲ” ಅಂತ ರೇಗಿದೆ. ಕಣ್ಣು ಮಂಜಾದವರಿಗೆ ಹೇಳೋ ಮಾತೇ ಅದು?

ಮುಂದಿನ ಭಾನುವಾರ ಊರಿಗೆ ಹೋದಾಗ ಅವರ ಫೋನು ನೋಡಿದೆ. 6.30! ರೀಲೋಡ್ ಮಾಡಿದರೂ 6.30! ಮಾಮೂಲಿ ರೀಲೋಡಿನಲ್ಲಿ ಕ್ರೋಮ್ ಪುಟವನ್ನಷ್ಟೇ ಮತ್ತೆ ಕೇಳುತ್ತೆ. ಅವಧಿ ಮುಗಿಯದ ಸ್ಕ್ರಿಪ್ಟನ್ನು ತನ್ನ ಹತ್ತಿರ ಇರೋದರಿಂದಲೇ ತಗೊಳ್ಳುತ್ತೆ. 30 ದಿನ ಕೇಳಬೇಡ ಅಂತ ನಾನೇ ಹೇಳಿದ್ದೆನಲ್ಲ, ಪಾಪ ಅದು ಕೇಳಲಿಲ್ಲ. ಹಾಗೆ ಕೊಟ್ಟ ಮಾತನ್ನು ಸರ್ವರಿನಿಂದ ವಾಪಸ್ ತಗೊಳ್ಳೋಕೂ ಆಗಲ್ಲ, ಯಾಕಂದ್ರೆ ಬ್ರೌಸರ್ ಆ ಫೈಲಿಗಾಗಿ ನಮ್ಮ ಬಾಗಿಲಿಗೇ ಬರಲ್ಲ. ಹಳೇ ಪಂಚಾಂಗ ಕೊಟ್ಟು ಹೊಸ ಹಬ್ಬ ಮಾಡಿ ಅಂದಹಾಗಾಯ್ತು.

ಉಳಿದಿದ್ದು ಒಂದೇ ದಾರಿ, ಫೈಲಿನ ಹೆಸರು ಬದಲಿಸೋದು. ಹೆಸರಿಗೆ ‘ವಿ2’ ಸೇರಿಸಿ, ಪುಟದಲ್ಲೂ ಅದನ್ನೇ ಬರೆದೆ. ಹೊಸ ಹೆಸರು ಬ್ರೌಸರಿಗೆ ಹೊಸ ಫೈಲು, ತಂದೇ ತರುತ್ತೆ. ಪುಟಕ್ಕೆ ‘ನೋ-ಕ್ಯಾಶ್’ ಹಾಕಿದೆ. ಹೆಸರು ಕೇಳಿ ನಾನೂ ಮೋಸ ಹೋಗಿದ್ದೆ: ಇದು ಇಟ್ಟುಕೋಬೇಡ ಅಂತಲ್ಲ, ಇಟ್ಟುಕೋ ಆದ್ರೆ ಪ್ರತಿ ಸಲ ಕೇಳಿ ಬಳಸು ಅಂತ. ಬದಲಾಗಿಲ್ಲದಿದ್ದರೆ ಸರ್ವರ್ ‘304’ ಅಂತ ಪುಟ್ಟ ಉತ್ತರ ಕೊಟ್ಟು ಸುಮ್ಮನಾಗುತ್ತೆ, ಡೇಟಾನೂ ಉಳಿಯುತ್ತೆ. ಇಟ್ಟುಕೊಳ್ಳಲೇಬೇಡ ಅನ್ನೋಕೆ ‘ನೋ-ಸ್ಟೋರ್’ ಬೇರೆ ಇದೆ. ಕನ್ನಡ ಫಾಂಟಿಗೆ ಮಾತ್ರ ಒಂದು ವರ್ಷ, 31536000, ಬಿಟ್ಟಿದ್ದೀನಿ. ಒತ್ತಕ್ಷರಗಳಿಂದ ಅದು ಭಾರ, ದಿನಾ ಬದಲಾಗೋದೂ ಅಲ್ಲ.

ಕೊನೆಗೆ ವೇಳಾಪಟ್ಟಿಯ ಮೇಲೇ, ಅದೇ ಫೈಲಿನಿಂದ ಬರೋ ಹಾಗೆ, ‘ತಿದ್ದಿದ ದಿನ’ ಅಂತ ದೊಡ್ಡದಾಗಿ ಹಾಕಿದೆ. ಹಳೇದು ಬಂದರೆ ಹಳೇದು ಅಂತಾದ್ರೂ ಗೊತ್ತಾಗಲಿ.

ಚಿಕ್ಕಮ್ಮನಿಗೆ ತಪ್ಪಾಯ್ತು ಅಂದೆ. “ಅಂಗಾರೆ ನನ್ನ ಕಣ್ಣು ಸರಿ ಐತೆ ಅನ್ನು” ಅಂತ ನಕ್ಕರು. ಮುಂದಿನ ಸಲ ತುಮಕೂರಿಗೆ ನಾನೇ ಕರ್ಕೊಂಡು ಹೋಗ್ತಿದ್ದೀನಿ, 6.10ರ ಬಸ್ಸಿಗೆ.