ಟೀಕೆಯೂ ಗುರುಮುಖವೂ

ಅಮೆರಿಕದ ಲಾ ಸ್ಕೂಲುಗಳಲ್ಲಿ ಮೊದಲನೆಯ ವರ್ಷಕ್ಕೆ ಕಾಲಿಡುವ ವಿದ್ಯಾರ್ಥಿಯ ಕೈಗೆ ಬರುವ ಕೇಸ್‌ಬುಕ್, ನಮ್ಮಲ್ಲಿ ಪಠ್ಯಪುಸ್ತಕವೆಂದು ರೂಢಿಯಾಗಿರುವ ಜಾತಿಯ ಗ್ರಂಥವಲ್ಲ. ನಿಯಮವನ್ನು ಹೇಳಿ, ಉದಾಹರಣೆಯನ್ನು ಕೊಟ್ಟು, ಅಪವಾದಗಳನ್ನು ವಿವರಿಸುವ ಕ್ರಮ ಅದರಲ್ಲಿಲ್ಲ. ಒಂದರ ಬೆನ್ನಿಗೊಂದು ತೀರ್ಪುಗಳು, ಅವುಗಳ ಕೊನೆಯಲ್ಲಿ ಉತ್ತರವಿಲ್ಲದ ಪ್ರಶ್ನೆಗಳು, ಇಷ್ಟೇ. 1870ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಅವರು, ಶಾಸ್ತ್ರದ ಸೂತ್ರಗಳನ್ನು ಉಪನ್ಯಾಸದಲ್ಲಿ ಕೇಳಿ ಕಂಠಸ್ಥ ಮಾಡುವುದಕ್ಕಿಂತ, ಮೂಲ ತೀರ್ಪುಗಳನ್ನು ಓದಿ ವಿದ್ಯಾರ್ಥಿಯು ಸ್ವಪ್ರಯತ್ನದಿಂದ ಸೂತ್ರವನ್ನು ಕಂಡುಕೊಳ್ಳುವುದೇ ಮೇಲೆಂದು ನಿಶ್ಚಯಿಸಿ, ಮರುವರ್ಷವೇ ಕರಾರುಗಳ ವಿಷಯದಲ್ಲಿ ಅಂಥ ತೀರ್ಪುಗಳ ಸಂಕಲನವೊಂದನ್ನು ಹೊರತಂದರು. ಅಂದು ಅವರು ಹಾಕಿಕೊಟ್ಟ ದಾರಿಯಲ್ಲಿಯೇ ಆ ದೇಶದ ನ್ಯಾಯವಿದ್ಯೆ ಇಂದಿಗೂ ಬಹುಮಟ್ಟಿಗೆ ನಡೆಯುತ್ತಿದೆ.

ಸೂತ್ರವನ್ನು ಗುರುಗಳು ಬಾಯಿಬಿಟ್ಟು ಹೇಳದಿರುವಲ್ಲಿ, ಅದನ್ನು ಬಿಡಿಸಿ ಹೇಳುವ ಸಹಾಯಗ್ರಂಥಗಳು ಹುಟ್ಟುವುದು ಸಹಜವಷ್ಟೆ. ಶಾಸ್ತ್ರವನ್ನು ಆಮೂಲಾಗ್ರವಾಗಿ ನಿರೂಪಿಸುವ ಹಾರ್ನ್‌ಬುಕ್‌ಗಳು, ಅಸ್ಥಿಪಂಜರವನ್ನಷ್ಟೇ ಕೊಡುವ ಅಚ್ಚಾದ ಔಟ್‌ಲೈನ್‌ಗಳು, ತೀರ್ಪುಗಳ ಸಾರಾಂಶಗಳು, ಸಮಸ್ಯೆಯನ್ನು ಮುಂದಿಟ್ಟು ಅನಂತರ ಪರಿಹಾರವನ್ನು ವಿವರಿಸುವ ಪುಸ್ತಕಗಳು, ಹೀಗೆ ಅವುಗಳಲ್ಲಿ ಹಲವು ಬಗೆ. ಕೊನೆಯ ವರ್ಗದಲ್ಲಿ, ಸಿವಿಲ್ ಪ್ರೊಸೀಜರ್ ಕುರಿತು ಜೋಸೆಫ್ ಗ್ಲ್ಯಾನನ್ ಅವರು ಬರೆದುದು ಬಹುಮಾನ್ಯವಾಗಿದೆ. ಇಂಥ ಪುಸ್ತಕಗಳನ್ನು ಹೀನವೆಂದೆಣಿಸುವ ಪಂಡಿತರ ಪಕ್ಷಕ್ಕೆ ನಾನು ಸೇರಿದವನಲ್ಲ. ಮಲ್ಲಿನಾಥನ ವ್ಯಾಖ್ಯಾನವನ್ನು ಪಕ್ಕದಲ್ಲಿಟ್ಟುಕೊಂಡು ಕಾಳಿದಾಸನನ್ನು ಓದಿದ ನಾಡಿನವರಿಗೆ ಟೀಕೆಯಲ್ಲಿ ತಿರಸ್ಕಾರವಿರಲು ಕಾರಣವಿಲ್ಲ. ಆದರೆ ಟೀಕೆಯನ್ನು ಮಾತ್ರ ಓದಿ ಕಾವ್ಯವನ್ನು ಬಿಟ್ಟವನು ಕಾಳಿದಾಸನನ್ನು ಬಲ್ಲೆನೆಂದು ಹೇಳಲಾರನು.

ಇದಕ್ಕೆ ನಿದರ್ಶನವಾಗಿ 1854ರ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ಮೊಕದ್ದಮೆಯನ್ನು ನೋಡಬಹುದು. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಹಿಟ್ಟಿನ ಗಿರಣಿಯೊಂದರಲ್ಲಿ ಉಗಿಯಂತ್ರದ ದಂಡವು ಮುರಿದುಹೋಗಲು, ಅದರ ಮಾದರಿಯಲ್ಲಿ ಹೊಸದನ್ನು ಮಾಡಿಸುವ ಸಲುವಾಗಿ ಗಿರಣಿಯವರು ಅದನ್ನು ಗ್ರೀನಿಚ್‌ಗೆ ಕಳುಹಿಸಿದರು, ಸಾಗಣೆದಾರರು ತಡಮಾಡಿದರು, ಗಿರಣಿ ನಿಂತು ಲಾಭ ಕೈತಪ್ಪಿತು. ಕರಾರು ಮುರಿದುದರಿಂದ ಸಹಜವಾಗಿ ಉಂಟಾಗುವ ನಷ್ಟಕ್ಕೂ, ಕರಾರಿನ ಕಾಲದಲ್ಲಿ ಉಭಯಪಕ್ಷದವರ ಮನಸ್ಸಿನಲ್ಲಿದ್ದಿರಬಹುದಾದ ನಷ್ಟಕ್ಕೂ ಮಾತ್ರವೇ ಪರಿಹಾರವುಂಟೆಂದು ನ್ಯಾಯಾಲಯ ವಿಧಿಸಿತು. ಈ ತತ್ತ್ವವೇ 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಮಿನಲ್ಲಿ ದೃಷ್ಟಾಂತಗಳೊಡನೆ ನೆಲೆಗೊಂಡಿರುವುದರಿಂದ, ನಮ್ಮ ವಿದ್ಯಾರ್ಥಿಗೆ ಅದು ಸಿದ್ಧವಸ್ತುವಾಗಿ ದೊರೆಯುತ್ತದೆ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಅದನ್ನು ಕಲಮಿನ ರೂಪದಲ್ಲಿ ಕಲಿತು ಅಮೆರಿಕಕ್ಕೆ ಹೋದವನು, ಅದೇ ತತ್ತ್ವವನ್ನು ತೀರ್ಪಿನ ಒಡಲಿನಿಂದ ತಾನೇ ಹೆಕ್ಕಿ ತೆಗೆಯಬೇಕಾಗಿ ಬಂದಾಗ ಕೆಲಕಾಲ ದಿಗ್ಭ್ರಮೆಗೊಳ್ಳುವುದುಂಟು.

ಯಾವ ಸಾರಾಂಶದ ಪುಸ್ತಕವನ್ನು ತೆರೆದರೂ ಆ ತತ್ತ್ವ ಎರಡು ಸಾಲಿನಲ್ಲಿ ಸಿಕ್ಕೀತು. ಆದರೆ ಮೂಲವನ್ನು ಓದಿದವನ ಕಣ್ಣಿಗೆ ಬೀಳುವ ಸಂಗತಿ ಬೇರೊಂದುಂಟು. ಗಿರಣಿ ನಿಂತಿದೆಯೆಂದು ಸಾಗಣೆದಾರರ ಗುಮಾಸ್ತನಿಗೆ ತಿಳಿಸಲಾಗಿತ್ತೆಂದು ವರದಿಯ ಪೂರ್ವಭಾಗ ಹೇಳುತ್ತದೆ. ತೀರ್ಪಾದರೋ, ಸಾಗಿಸಬೇಕಾದುದು ಮುರಿದ ದಂಡವೆಂಬುದನ್ನೂ ತಾವು ಗಿರಣಿಯವರೆಂಬುದನ್ನೂ ಬಿಟ್ಟು ಗಿರಣಿಯವರು ಬೇರೇನನ್ನೂ ತಿಳಿಸಲಿಲ್ಲವೆಂಬ ಆಧಾರದ ಮೇಲೆ ನಿಂತಿದೆ. ಈ ವಿರೋಧವನ್ನು ತಾನಾಗಿ ಕಂಡವನಿಗೆ, ನ್ಯಾಯಾಧೀಶರು ಸಂಗತಿಗಳನ್ನು ಹೇಗೆ ಆರಿಸಿಕೊಳ್ಳುತ್ತಾರೆಂಬ ಪಾಠ ಒಂದೇ ದಿನದಲ್ಲಿ ಮನಸ್ಸಿಗೆ ಇಳಿಯುತ್ತದೆ.

ಇನ್ನು ಗುರುವಿನ ಮಾತು. ಇದೇ ತೀರ್ಪನ್ನು ಒಬ್ಬ ಪ್ರಾಧ್ಯಾಪಕರು ನಿಯಮದ ಪದಪದವನ್ನೂ ಬಿಡಿಸುತ್ತ ಬೋಧಿಸುವರು. ಮತ್ತೊಬ್ಬರು, ಅಪಾಯದ ಅರಿವು ಯಾರಿಗಿತ್ತು, ಅದನ್ನು ಮೊದಲೇ ಹೇಳುವಂತೆ ಈ ನಿಯಮವು ಯಾರನ್ನು ಪ್ರೇರಿಸುತ್ತದೆ ಎಂಬ ಅರ್ಥಶಾಸ್ತ್ರದ ವಿಚಾರಕ್ಕೆ ಇಳಿಯುವರು. ಮೂರನೆಯವರು, ಜೂರಿಯ ಕೈಯಲ್ಲಿದ್ದ ಅಧಿಕಾರವನ್ನು ಆ ಕಾಲದ ನ್ಯಾಯಾಧೀಶರು ಏಕೆ ಮೊಟಕುಗೊಳಿಸಿದರೆಂದು ಇತಿಹಾಸವನ್ನು ಕೆದಕುವರು. ಪರೀಕ್ಷೆಯ ಪ್ರಶ್ನೆಯನ್ನು ರಚಿಸುವವರೂ ಉತ್ತರವನ್ನು ತೂಗುವವರೂ ಅವರೇ ಆಗಿ, ಅನೇಕ ವಿಷಯಗಳಲ್ಲಿ ಅವಧಿಯ ಕೊನೆಯ ಒಂದೇ ಪರೀಕ್ಷೆಯು ಸರ್ವಸ್ವವನ್ನೂ ನಿರ್ಣಯಿಸುವುದರಿಂದ, ಗುರುವನ್ನರಿಯದೆ ಸಹಾಯಗ್ರಂಥವನ್ನು ಕೊಳ್ಳುವುದು ಅಕಾಲಿಕ ಕಾರ್ಯವೆಂದೇ ನನ್ನ ದೃಢವಾದ ಅಭಿಪ್ರಾಯ. ಹಿರಿಯ ವಿದ್ಯಾರ್ಥಿಗಳು ಶಿಫಾರಸು ಮಾಡಿದರೆಂದು ತರಗತಿ ಆರಂಭವಾಗುವ ಮೊದಲೇ ರಾಶಿ ಪುಸ್ತಕಗಳನ್ನು ತಂದಿಟ್ಟುಕೊಳ್ಳುವವರು, ಬಹುಮಟ್ಟಿಗೆ ಬೇರೊಬ್ಬ ಗುರುವಿನ ಪರೀಕ್ಷೆಗೆ ಸಿದ್ಧರಾಗುತ್ತಿರುತ್ತಾರೆ.

ಕೆಲವು ವಾರ ಕಿವಿಗೊಟ್ಟು ಕೇಳಿದರೆ ಗುರುವಿನ ಒಲವು ತಿಳಿಯುತ್ತದೆ. ಅವರ ಹಳೆಯ ಪ್ರಶ್ನಪತ್ರಿಕೆಗಳು ದೊರೆತಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತರಗತಿಯಲ್ಲಿ ಯಾರ ಹೆಸರನ್ನಾದರೂ ಯಾವ ಕ್ಷಣದಲ್ಲಾದರೂ ಕೂಗುವ ಪದ್ಧತಿಯಿರುವುದರಿಂದ, ಸಂಗತಿ, ವಿವಾದ, ನಿರ್ಣಯ, ತರ್ಕ ಇವನ್ನು ಹಿಂದಿನ ರಾತ್ರಿ ಸ್ವಂತ ಮಾತಿನಲ್ಲಿ ಬರೆದಿಟ್ಟುಕೊಂಡು, ಸಂಗತಿಗಳಲ್ಲೊಂದನ್ನು ಬದಲಿಸಿದರೆ ನಿರ್ಣಯವೇನಾದೀತೆಂದು ತನ್ನನ್ನು ತಾನೇ ಕೇಳಿಕೊಂಡು ಹೋದವನಿಗೆ ಅಂಜಿಕೆಯಿಲ್ಲ. ಸಾಗಣೆದಾರರು ಬೇರೊಂದು ದಂಡವಿದೆಯೆಂದು ನಂಬಿದ್ದರೆ? ಗಿರಣಿಯವರು ಹೆಚ್ಚು ಬಾಡಿಗೆ ಕೊಟ್ಟಿದ್ದರೆ? ಗುರುವಿನ ಬಾಯಿಂದ ಬರುವ ಪ್ರಶ್ನೆಗಳೂ ಇಂಥವೇ. ಅದಾದ ಮೇಲೂ ಬಿಡಿಸದ ಗಂಟು ಉಳಿದರೆ ಟೀಕೆಯನ್ನು ತೆರೆಯತಕ್ಕದ್ದು. ಅಲ್ಲಿಯೂ ಬಿಡಿಸದಿದ್ದರೆ ಪ್ರಾಧ್ಯಾಪಕರ ಕೊಠಡಿಗೆ ಹೋಗತಕ್ಕದ್ದು. ವಿದ್ಯಾರ್ಥಿಗಳಿಗಾಗಿ ಅವರು ಗೊತ್ತುಮಾಡಿರುವ ವೇಳೆಯನ್ನು ಬಹುಜನ ಸಂಕೋಚದಿಂದ ಬಳಸಿಕೊಳ್ಳದೆ ಹೋಗುವರೆಂಬುದು ನನಗೆ ನಿಜವಾಗಿ ವ್ಯಥೆಯನ್ನುಂಟುಮಾಡುವ ವಿಷಯ. ಅವಧಿಯ ಕೊನೆಗೆ ಔಟ್‌ಲೈನನ್ನು ತಾನೇ ರಚಿಸತಕ್ಕದ್ದು. ಅಚ್ಚಾದುದನ್ನು ಅದರೊಡನೆ ತಾಳೆನೋಡಲು ಮಾತ್ರ ಬಳಸತಕ್ಕದ್ದು.

ಈ ಸಹಾಯಗ್ರಂಥಗಳಲ್ಲಿ ಬಹುಪಾಲು ಲಾ ಸ್ಕೂಲಿನ ಪುಸ್ತಕಭಂಡಾರದಲ್ಲಿಯೇ ಎರವಲಿಗೆ ದೊರೆಯುತ್ತವೆ. ನಿಮ್ಮ ಮನೆಯಿಂದ ಮಗನೋ ಮಗಳೋ ಆ ವಿದ್ಯೆಗೆ ಹೊರಟಿದ್ದರೆ, ಹಣ ತೆರುವ ಮುನ್ನ ಅಲ್ಲಿ ಒಂದೊಂದು ಅಧ್ಯಾಯವನ್ನಾದರೂ ಓದಿ ನೋಡುವಂತೆ ದಯವಿಟ್ಟು ಹೇಳಿ ಕಳುಹಿಸಿ.