ಕೊರತೆ: 22 ಗ್ರಾಂ

ಸಿರುಮುಗೈಯ ಒಂದು ನೇಕಾರರ ಸಂಘಕ್ಕೆ ನಾನು ಮಾಡಿಕೊಟ್ಟ ಕಂಪ್ಯೂಟರ್ ಲೆಕ್ಕ ಒಂದು ವರ್ಷವೂ ಬಾಳಲಿಲ್ಲ. ಸಂಘದ ಹೆಸರು ಬೇಡ, ತಪ್ಪು ಅವರದಲ್ಲ. ಯಂತ್ರ ಕೆಟ್ಟಿತೆಂದೋ ಪ್ರೋಗ್ರಾಮಿನಲ್ಲಿ ದೋಷ ಸಿಕ್ಕಿತೆಂದೋ ಅದು ನಿಂತಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ. ಕೂಡುವುದು, ಕಳೆಯುವುದು ಎಲ್ಲ ಸರಿಯಾಗಿಯೇ ಇತ್ತು.

ತಮಿಳುನಾಡಿನ ಮೆಟ್ಟುಪಾಳಯಂನಿಂದ ಸತ್ಯಮಂಗಲದ ರಸ್ತೆ ಹಿಡಿದರೆ ಭವಾನಿ ಹೊಳೆಯ ಪಕ್ಕದಲ್ಲೇ ಸಿರುಮುಗೈ. ಉತ್ತರಕ್ಕೆ ನೀಲಗಿರಿ ಬೆಟ್ಟ. ಒಂದು ಕಾಲಕ್ಕೆ ವಿಸ್ಕೋಸ್ ಕಾರ್ಖಾನೆಯಿಂದ ಹೆಸರಾಗಿದ್ದ ಊರು; ಅದು ಮುಚ್ಚಿದ ಮೇಲೆ ಉಳಿದಿರುವ ಹೆಸರು ಕೈಮಗ್ಗದ ಸಾಫ್ಟ್ ಸಿಲ್ಕ್ ಸೀರೆಯದು. ನೇಯುವವರಲ್ಲಿ ಬಹಳ ಮಂದಿ ದೇವಾಂಗರು. ಮನೆಮಾತು ಕನ್ನಡ, ಮನೆದೇವರು ಚೌಡೇಶ್ವರಿ. ನನ್ನ ತಾಯಿಯ ತವರು ಅದೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನನಗೆ, ಸೋದರಮಾವಂದಿರ ಊರಿಗೆ ಏನಾದರೂ ಮಾಡಬೇಕೆಂಬ ಹುಮ್ಮಸ್ಸು 2012ರಲ್ಲಿ ಬಂತು.

ಹುಮ್ಮಸ್ಸಿನ ಮೊದಲ ಫಲವನ್ನು ನೆನೆದರೆ ಈಗಲೂ ನಗು ಬರುತ್ತದೆ. ಕನ್ನಡದವರಿಗೆ ಕನ್ನಡದಲ್ಲೇ ಕೊಡೋಣವೆಂದು ಪರದೆಯ ಮೇಲಿನ ಪ್ರತಿಯೊಂದು ಅಕ್ಷರವನ್ನೂ ಕನ್ನಡದಲ್ಲಿ ಕೂರಿಸಿ, ಹೆಮ್ಮೆಯಿಂದ ತೆಗೆದುಕೊಂಡು ಹೋಗಿ ತೋರಿಸಿದೆ. ಸಂಘದ ಗುಮಾಸ್ತರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಇದರಲ್ಲಿ ಏನು ಬರೆದಿದೆ, ಓದಿ ಹೇಳಪ್ಪ" ಎಂದರು. ತಲೆಮಾರುಗಳಿಂದ ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ಮಕ್ಕಳನ್ನು ಮಲಗಿಸಿದ ಆ ಜನ ಶಾಲೆಯಲ್ಲಿ ಕಲಿತದ್ದು ತಮಿಳು. ಇಡೀ ಕಚೇರಿಯಲ್ಲಿ ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ. ಎಲ್ಲವನ್ನೂ ತಮಿಳಿಗೆ ತಿರುಗಿಸಿದ್ದಾಯಿತು. ಇಷ್ಟು ಹತ್ತಿರದ ಸಂಗತಿಯೇ ನನಗೆ ಗೊತ್ತಿಲ್ಲವಲ್ಲ, ಇನ್ನೇನೇನು ಗೊತ್ತಿಲ್ಲವೋ ಎಂದು ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸಂಘದ ಕೆಲಸ ಮೇಲ್ನೋಟಕ್ಕೆ ಸರಳ. ಸದಸ್ಯರಿಗೆ ಹಾಸಿನ ನೂಲು, ಹೊಕ್ಕಿನ ನೂಲು, ಜರಿ ಎಲ್ಲವನ್ನೂ ತೂಗಿ ಕೊಡುತ್ತಾರೆ. ನೇಕಾರರು ಸೀರೆ ನೇಯ್ದು ತಂದಾಗ ಅದನ್ನೂ ತೂಗುತ್ತಾರೆ. ಕೊಟ್ಟದ್ದು ಎಷ್ಟು, ಬಂದದ್ದು ಎಷ್ಟು, ಮಗ್ಗದ ಮೇಲೆ ಉಳಿದದ್ದು ಎಷ್ಟು ಎಂದು ಖಾತೆ ಪುಸ್ತಕಕ್ಕೂ ನೇಕಾರರ ಪಾಸ್‌ಬುಕ್ಕಿಗೂ ಏರಿಸಿ, ಉಳಿತಾಯದ ಹಣ ಮುರಿದುಕೊಂಡು ಕೂಲಿ ಕೊಡುತ್ತಾರೆ. ನನ್ನ ಕಣ್ಣಿಗೆ ಇದು ನಾಲ್ಕು ಕೋಷ್ಟಕ, ಒಂದು ಕಳೆಯುವ ಲೆಕ್ಕ.

ಮಾದರಿಗೆ, ಜಮೀನಿನ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಕಣ್ಣ ಮುಂದಿತ್ತು. ಅದು ಶುರುವಾದ ಕಾಲಕ್ಕೆ 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ; 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗುತ್ತಿತ್ತು. ಅದರ ಗೆಲುವಿಗೆ ಕಾರಣವೆಂದು ನಾನು ಮನಸ್ಸಿಗೆ ತೆಗೆದುಕೊಂಡದ್ದು ಒಂದೇ: ಕಂಪ್ಯೂಟರ್ ಬಂದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಯನ್ನು ರದ್ದು ಮಾಡಿದರು. ಹಳೆಯದನ್ನು ಉಳಿಸಿಕೊಂಡರೆ ಹೊಸದು ನಿಲ್ಲದು ಎಂದು ಸಂಘದ ಸಭೆಯಲ್ಲಿ ಭಾಷಣವನ್ನೇ ಮಾಡಿದೆ. 1804ರ ಜಾಕಾರ್ಡ್ ಮಗ್ಗದ ತೂತು ಕಾರ್ಡಿನಿಂದಲೇ ಕಂಪ್ಯೂಟರ್ ವಿಚಾರ ಹುಟ್ಟಿತು, ಇದು ನಿಮ್ಮದೇ ಕೂಸು ಎಂದೂ ಸೇರಿಸಿದೆ. ಯಾರೂ ಬೆರಗಾಗಲಿಲ್ಲ. ಬರುವ ಅತಿಥಿಗಳೆಲ್ಲ ಅದನ್ನೇ ಹೇಳಿ ಹೋಗಿದ್ದರೆಂದು ಆಮೇಲೆ ತಿಳಿಯಿತು.

ಭೂಮಿಯ ಉಳಿದರ್ಧವನ್ನು ನಾನು ಓದಿಯೂ ದಾಟಿಬಿಟ್ಟಿದ್ದೆ. ಹಳೆಯ ಪಹಣಿ ನಿಲ್ಲಿಸುವ ಮುಂಚೆ, ಟೈಪ್ ಮಾಡಿದ್ದನ್ನು ಮುದ್ರಿಸಿ, ಅದನ್ನು ಇಷ್ಟು ವರ್ಷ ಬರೆದುಕೊಂಡು ಬಂದಿದ್ದ ಗ್ರಾಮ ಲೆಕ್ಕಿಗರ ಕೈಗೇ ಕೊಟ್ಟು ತಿದ್ದಿಸಿದ್ದರು. ನಾನು ಇಬ್ಬರು ಹುಡುಗರನ್ನು ಕೂರಿಸಿ ಖಾತೆ ಪುಸ್ತಕಗಳನ್ನು ಟೈಪ್ ಮಾಡಿಸಿದೆ. ಪುಟದ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಸೊನ್ನೆ, ಗೆರೆ, ಚುಕ್ಕಿಗಳಿದ್ದವು. "ಅಣ್ಣಾ, ಇದನ್ನೇನು ಮಾಡೋದು?" ಎಂದು ಒಬ್ಬ ಕೇಳಿದ. "ಇಂಕಿನಲ್ಲಿರೋದು ಮಾತ್ರ ಹೊಡಿ. ಪೆನ್ಸಿಲ್ ಗೀಚು ಬಿಡು" ಎಂದವನು ನಾನೇ.

2012ರ ಆಯುಧಪೂಜೆಯ ದಿನ ಗಂಧ, ಕುಂಕುಮ ಹಚ್ಚಿಸಿಕೊಂಡು ಕಂಪ್ಯೂಟರ್ ಕೆಲಸಕ್ಕೆ ಕೂತಿತು. ದೀಪಾವಳಿಗೆ ಮೂರೇ ವಾರ. ವರ್ಷದ ವ್ಯಾಪಾರವೆಲ್ಲ ತಲೆಯ ಮೇಲಿರುವ ಹೊತ್ತು, ಲೆಕ್ಕದ ವರ್ಷದ ನಡುಮಧ್ಯ. ಶುಭದಿನ ನೋಡಿದ್ದೆ, ಸಮಯ ನೋಡಿರಲಿಲ್ಲ. ಅದು ತಮಿಳುನಾಡು ಕರೆಂಟಿಲ್ಲದೆ ಒದ್ದಾಡಿದ ವರ್ಷ ಬೇರೆ. ಕೊಯಮತ್ತೂರಿನ ಕಡೆ ದಿನದ ಅರ್ಧಕ್ಕೂ ಹೆಚ್ಚು ಹೊತ್ತು ವಿದ್ಯುತ್ ಇಲ್ಲದ ದಿನಗಳಿದ್ದವು. ಯುಪಿಎಸ್ ತುಂಬಿಕೊಳ್ಳುವಷ್ಟರಲ್ಲಿ ಮತ್ತೆ ಹೋಗುತ್ತಿತ್ತು. ಮನೆಗಳಲ್ಲಿ ಕೈಮಗ್ಗ ತನ್ನ ಪಾಡಿಗೆ ಟಕಟಕ ಅನ್ನುತ್ತಿರಲು, ಸಂಘದ ಕೌಂಟರಿನಲ್ಲಿ ಜನ ನಿಂತೇ ಇರುತ್ತಿದ್ದರು. ಗುಮಾಸ್ತರು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕರೆಂಟು ಬಂದ ರಾತ್ರಿ ಬಂದು ಏರಿಸುತ್ತಿದ್ದರು.

ಆದರೂ ಇವೆಲ್ಲ ಸುಧಾರಿಸಿಕೊಳ್ಳಬಹುದಾದ ತೊಂದರೆಗಳು. ಮುಳುಗಿಸಿದ್ದು ಬೇರೆ.

ರೇಷ್ಮೆ ಗಾಳಿಯ ತೇವವನ್ನು ಕುಡಿಯುವ ನೂಲು. ವ್ಯಾಪಾರದ ಲೆಕ್ಕದಲ್ಲಿ ಒಣ ತೂಕದ ಮೇಲೆ ನೂರಕ್ಕೆ 11 ಪಾಲು ತೇವವನ್ನು ಸಹಜವೆಂದೇ ಒಪ್ಪುತ್ತಾರೆ. ಮಳೆಯಲ್ಲಿ ಅದು ಏರುತ್ತದೆ, ಒಣಹವೆಯಲ್ಲಿ ಇಳಿಯುತ್ತದೆ. ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯಲ್ಲಿ ಅರ್ಧ ಕಿಲೋ ಎಂದು ತೂಗಿ ಕೊಟ್ಟ ನೂಲಿನಲ್ಲಿ ರೇಷ್ಮೆಯ ಜೊತೆ ನೀರೂ ಇತ್ತು. ಅದೇ ನೂಲು ಫೆಬ್ರವರಿ, ಮಾರ್ಚಿನ ಬಿಸಿಲಿನಲ್ಲಿ ಸೀರೆಯಾಗಿ ಬಂದಾಗ ನೀರು ಹೋಗಿ ತೂಕ ಇಳಿದಿತ್ತು. ಗುಮಾಸ್ತರ ಪೆನ್ಸಿಲ್ ಸೊನ್ನೆಯ ಅರ್ಥ ಅದು: ಮಳೆಯಲ್ಲಿ ಕೊಟ್ಟ ನೂಲು. ಗೆರೆಗೆ, ಚುಕ್ಕಿಗೆ ಬೇರೆ ಅರ್ಥಗಳಿದ್ದವು. ಸೊನ್ನೆ ಇದ್ದ ಕಡೆ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆಯಾದರೆ ಅವರು ಏನೂ ಕೇಳುತ್ತಿರಲಿಲ್ಲ. ಇಡೀ ಹಾಸು ಮುಗಿದ ಮೇಲೆ ಒಟ್ಟಿಗೆ ನೋಡುತ್ತಿದ್ದರು. ನನ್ನ ಪ್ರೋಗ್ರಾಮಿಗೆ ಗೊತ್ತಿದ್ದದ್ದು ವರ್ಷವಿಡೀ ಒಂದೇ ವೇಸ್ಟೇಜ್ ಶೇಕಡಾವಾರು. ಅದನ್ನು ಮೀರಿದರೆ ‘ಕೊರತೆ’ ಎಂದು ಅಚ್ಚುಹಾಕಿ ಕೂಲಿಯಲ್ಲಿ ಮುರಿದುಕೊಳ್ಳುತ್ತಿತ್ತು. ಗುಮಾಸ್ತರು ತಿದ್ದಲು ಬಾರದಂತೆ ಬೀಗ ಹಾಕಿದ್ದೆ. ಕೈಚಳಕಕ್ಕೆ ಅವಕಾಶವಿರಬಾರದು ನೋಡಿ.

ಮಾರ್ಚಿನ ಒಂದು ಶನಿವಾರ ನಾನು ಅಲ್ಲೇ ಇದ್ದೆ. ನನ್ನ ಅತ್ತೆಯ ಓರಗೆಯ ಹೆಂಗಸೊಬ್ಬರು ಕೂಲಿಚೀಟಿ ಹಿಡಿದು ಓದಿದರು. ಕೊರತೆ: 22 ಗ್ರಾಂ. ಮುರಿದ ಹಣ ದೊಡ್ಡದೇನಲ್ಲ. ಹಿಂದೆ ಸಾಲಿನಲ್ಲಿ ನಿಂತವರೂ ಇಣುಕಿ ಓದಿದ್ದರು. "ಏನಪ್ಪಾ, ನಾನು ನೂಲು ಕದ್ದೆ ಅಂತ ಬರೆದಿದೆಯಾ ಇದರಲ್ಲಿ?" ಎಂದು ನನ್ನನ್ನೇ ಕೇಳಿದರು. ತಕ್ಕಡಿ, ಶೇಕಡಾವಾರು ಎಂದು ನಾನೇನೋ ತೊದಲಿದೆ. ಅವರು ಚೀಟಿಯನ್ನು ಮೇಜಿನ ಮೇಲಿಟ್ಟು, ಕೂಲಿ ತೆಗೆದುಕೊಳ್ಳದೆ ಹೊರಟರು. ಮುಂದಿನ ವಾರಗಳಲ್ಲಿ ಇಂಥ ಚೀಟಿಗಳು ರಾಶಿ ಬಿದ್ದವು. ಬೇಸಿಗೆಯಲ್ಲಿ ಕೊಟ್ಟ ನೂಲು ಮಳೆಯಲ್ಲಿ ಬಂದಿದ್ದರೆ ಇದೇ ಯಂತ್ರ ‘ಹೆಚ್ಚುವರಿ’ ಎಂದು ತೋರಿಸುತ್ತಿತ್ತು. ಅದಕ್ಕೆ ಹಣ ಸೇರಿಸಿ ಕೊಡಬೇಕೆಂದು ಮಾತ್ರ ನಾನು ಬರೆದಿರಲಿಲ್ಲ. ಜುಲೈ ನಡುವಿನಲ್ಲಿ ಶುರುವಾಗುವ ಆಡಿ ತಿಂಗಳು ಬರುವ ಮುಂಚೆಯೇ ಖಾತೆ ಪುಸ್ತಕ ಮೇಜಿಗೆ ಮರಳಿತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ಹೊರೈಜನ್ ಎಂಬ ಲೆಕ್ಕದ ಪ್ರೋಗ್ರಾಮಿನ ಪ್ರಕರಣವನ್ನು ನಾನು ವಿವರವಾಗಿ ಓದಿದ್ದು ಬಹಳ ತಡವಾಗಿ. 1999ರಿಂದ 2015ರ ನಡುವೆ ಕಂಪ್ಯೂಟರ್ ತೋರಿಸಿದ ಕೊರತೆಯನ್ನೇ ಸಾಕ್ಷಿಯಾಗಿ ಹಿಡಿದು ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿದ್ದರು. ಕೆಲವರು ಜೈಲಿಗೆ ಹೋದರು. ಅವರ ಹೆಸರಿಗೆ ಹತ್ತಿದ ಮಸಿ ತೊಳೆಯಲು 2024ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ಅಲ್ಲಿ ಪ್ರೋಗ್ರಾಮಿನಲ್ಲೇ ದೋಷಗಳಿದ್ದವು. ನನ್ನದರಲ್ಲಿ ಅದೂ ಇರಲಿಲ್ಲ ಎಂಬುದು ನನಗೆ ಸಮಾಧಾನ ಕೊಡುವ ಬದಲು ಇನ್ನಷ್ಟು ಹೆದರಿಸುತ್ತದೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ಅದರ ಲೆಕ್ಕ ಸಲ್ಲಿಸಲು ಕಂಪ್ಯೂಟರ್ ಬೇಕೇಬೇಕಾಯಿತು. ಅದಕ್ಕೊಂದು ಪ್ರೋಗ್ರಾಮನ್ನು ಮೆಟ್ಟುಪಾಳಯಂನ ಹುಡುಗನೊಬ್ಬ ಮಾಡಿಕೊಟ್ಟ. ನೂಲಿನ ಲೆಕ್ಕವನ್ನು ಅದಕ್ಕೆ ಸೇರಿಸಿಲ್ಲ. ಆ ಹೊತ್ತಿಗೆ ನಿವೃತ್ತರಾಗಿದ್ದ ಗುಮಾಸ್ತರ ಮನೆಗೆ ಹೋಗಿ, ಯಾವತ್ತೋ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. "ಮಾಮ, ನೀವು ಹೀಗೆ ಸುಮ್ಮನೆ ಬಿಟ್ಟರೆ ನಿಜವಾಗಿ ಕದಿಯೋರನ್ನ ಹಿಡಿಯೋದು ಹೇಗೆ?"

"ಅದು ಯಾವ ಮನೆ ಅಂತ ಗೊತ್ತಿರ್ತದಪ್ಪ. ಆ ಮನೆಗೆ ಹೊಕ್ಕಿನ ನೂಲು ಒಂದು ಸೀರೆಗೆ ಆಗುವಷ್ಟು ಮಾತ್ರ ಕೊಡೋದು. ಅದು ಬಂದ ಮೇಲೆ ಇನ್ನೊಂದಕ್ಕೆ."

ಅದನ್ನು ಎಲ್ಲಿ ಬರೆದಿಡುತ್ತಿದ್ದಿರಿ ಎಂದೆ. ಚುಕ್ಕಿ ಹಾಕುತ್ತಿದ್ದೆನಲ್ಲ ಎಂದರು.