ಮಂದ್ರವಾದ್ಯದ ಚಿಕಿತ್ಸೆ

ವೀಣೆಯ ದೋಷವು ಬಹುಮಟ್ಟಿಗೆ ಕಣ್ಣಿಗೆ ಕಾಣತಕ್ಕದ್ದು. ಮೇಣವು ಸಡಿಲಿದರೆ ಮೆಟ್ಟಿಲು ಜರುಗುತ್ತದೆ. ತಂತಿಗೆ ತುಕ್ಕು ಹಿಡಿದರೆ ಬೆರಳಿಗೇ ತಿಳಿಯುತ್ತದೆ. ವಿದ್ಯುತ್ತಿನಿಂದ ನುಡಿಯುವ ವಾದ್ಯಗಳ ಸಂಗತಿ ಬೇರೆ. ಮೈ ಹೊಳೆಯುತ್ತಿರುತ್ತದೆ, ತಂತಿಗಳು ಹೊಸವಾಗಿರುತ್ತವೆ, ರೋಗವು ಮಾತ್ರ ಮರದಲ್ಲಿ ಕೊರೆದ ಅಂಗೈಯಗಲದ ಗೂಡಿನಲ್ಲಿ ಮುಚ್ಚಳದ ಕೆಳಗೆ ಅಡಗಿರುತ್ತದೆ. ಹಳೆಯ ವಾದ್ಯವನ್ನು ಕೊಳ್ಳುವವರು ಮೋಸಹೋಗುವುದು ಈ ಗೂಡಿನಲ್ಲಿಯೇ.

ನಮ್ಮ ಕಿರಿಯ ಮಗಳು ಕಳೆದ ಆಷಾಢದಲ್ಲಿ ಇಂತಹುದೊಂದು ಬೇಸ್ ಗಿಟಾರನ್ನು ಮನೆಗೆ ತಂದಳು. ಎರಡು ವರ್ಷ ನೆರೆಮನೆಯ ಮಕ್ಕಳಿಗೆ ಗಣಿತವನ್ನು ಹೇಳಿಕೊಟ್ಟು ಕೂಡಿಟ್ಟಿದ್ದ ಹಣವೆಲ್ಲವೂ ಅದಕ್ಕೆ ಹೋಗಿತ್ತು. ಆಷಾಢದಲ್ಲಿ ಹೊಸ ವಸ್ತುವನ್ನು ತರಬಾರದೆಂದು ನಮ್ಮ ಮನೆಯವರು ಆಕ್ಷೇಪಿಸಲು, “ಇದು ಹೊಸದಲ್ಲಮ್ಮ, ಹಳೆಯದು” ಎಂದು ಅವಳು ಕೊಟ್ಟ ಉತ್ತರವು ತರ್ಕಕ್ಕೆ ಸಮ್ಮತವಾಗಿಯೇ ಇತ್ತು.

ಈ ವಾದ್ಯದ ಪರಿಚಯವು ವಾಚಕರಲ್ಲಿ ಕೆಲವರಿಗೆ ಇಲ್ಲದಿರಬಹುದು. ಇದಕ್ಕೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು; ಮೇಳದಲ್ಲಿ ಮಂದ್ರದ ಭಾರವೆಲ್ಲ ಇದರ ಮೇಲೆಯೇ. ಹಿಂದೆ ಈ ಕೆಲಸವನ್ನು ಆಳಿಗಿಂತ ಎತ್ತರವಾದ, ಪಿಟೀಲಿನ ಆಕಾರದ ವಾದ್ಯವೊಂದು ಮಾಡುತ್ತಿತ್ತು. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಎಂಬವರು ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರಾಟಕ್ಕೆ ತಂದರು. ಅಲ್ಲಿಂದ ಮುಂದೆ ಅದು ಲೋಕದಲ್ಲೆಲ್ಲ ಹರಡಿತು. ತಂತಿಗಳ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲೆಳೆಯಂತಹ ತಾಮ್ರದ ಸಾವಿರಾರು ಸುತ್ತುಗಳು. ಇದನ್ನು ಪಿಕಪ್ ಎನ್ನುತ್ತಾರೆ. ಉಕ್ಕಿನ ತಂತಿಯು ಮೇಲೆ ಕಂಪಿಸಿದರೆ ಕೆಳಗಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆಯವರು 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ಹೀಗೆ ಹುಟ್ಟಿದ ಅಲ್ಪವಾದ ವಿದ್ಯುತ್ತು ಗುಂಡಿಗಳನ್ನು ಹಾಯ್ದು, ಜ್ಯಾಕ್ ಎಂಬ ತೂತಿಗೆ ಸಿಕ್ಕಿಸಿದ ಕೇಬಲ್ಲಿನ ಮೂಲಕ ಆಂಪ್ಲಿಫೈಯರಿಗೆ ಹೋಗುತ್ತದೆ. ನಮ್ಮ ಮನೆಗೆ ಬಂದುದರಲ್ಲಿ ಇದಲ್ಲದೆ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಎಂಬ ಸಣ್ಣ ಸರ್ಕೀಟೂ ಇತ್ತು.

ತಂದ ಸಂಜೆಯೇ ಬಣ್ಣ ಬಯಲಾಯಿತು. ಸ್ವರವು ಒಡಕು, ಗುಂಡಿಯನ್ನು ತಿರುಗಿಸಿದರೆ ಒಗ್ಗರಣೆಯ ಸಾಸುವೆ ಸಿಡಿದಂತೆ ಚಟಪಟ, ನಡುನಡುವೆ ನಾದವೇ ಅಡಗಿ ‘ಗುಂಯ್’ ಎಂಬ ಹುಂಕಾರ. ಮಾರಿದವನು ಫೋನನ್ನು ಎತ್ತಲೇ ಇಲ್ಲ. ರಿಪೇರಿಯವನೊಬ್ಬನು ಒಳಗಿನ ಸಮಸ್ತವನ್ನೂ ಬದಲಾಯಿಸಬೇಕೆಂದು ಹೇಳಿ, ವಾದ್ಯದ ಬೆಲೆಯಲ್ಲಿ ಅರ್ಧದಷ್ಟನ್ನು ಕೇಳಿದನು. ಆಗ ಅವಳ ಸ್ನೇಹಿತರೊಬ್ಬರು ಒಂದು ಉಪಾಯವನ್ನು ಸೂಚಿಸಿದರಂತೆ: ಗುಂಡಿಯನ್ನು ಚಟಪಟವಿಲ್ಲದ ಸ್ಥಾನದಲ್ಲಿ ನಿಲ್ಲಿಸಿ, ಎರಡು ನಿಮಿಷ ನುಡಿಸಿ ತೋರಿಸಿ, ಇನ್ನೊಬ್ಬರಿಗೆ ದಾಟಿಸಿಬಿಡುವುದು. “ನನಗೂ ಹಾಗೇ ಅಲ್ಲವೇನಪ್ಪ ಮಾರಿದ್ದು?” ಎಂದಳು. ಆ ಮಾತಿನಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಸುಭಾಷಿತಗಳನ್ನು ಉರುಹೊಡೆಸಿದ ನಾವು ಆ ಹೊತ್ತಿನಲ್ಲಿ ಒಂದನ್ನೂ ಹೇಳಲಿಲ್ಲ. “ಮಾರುವುದಾದರೆ ಮಾರಮ್ಮ. ಕೆಟ್ಟಿರುವುದು ಏನೆಂದು ಮೊದಲು ನೋಡೋಣ” ಎಂದಷ್ಟೇ ಹೇಳಿ ಸ್ಕ್ರೂಡ್ರೈವರನ್ನು ತರಿಸಿದೆವು.

ವಿದ್ಯುಚ್ಛಾಸ್ತ್ರದಲ್ಲಿ ನಮಗೆ ಪರಿಶ್ರಮವಿಲ್ಲ. ಆದರೆ ನೈಯಾಯಿಕರು ಅನ್ವಯವ್ಯತಿರೇಕವೆಂದು ಕರೆಯುವ ಮಾರ್ಗವೊಂದುಂಟು. ಯಾವುದಿದ್ದರೆ ದೋಷವಿರುತ್ತದೆಯೋ, ಯಾವುದಿಲ್ಲದಿದ್ದರೆ ದೋಷವಿರುವುದಿಲ್ಲವೋ, ಕಾರಣವನ್ನು ಅಲ್ಲಿ ಹುಡುಕಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಅಗ್ಗದ ವಸ್ತುವಿನಿಂದ ಆರಂಭಿಸಬೇಕೆಂಬುದು ನಮ್ಮ ಸ್ವಂತ ಸೇರ್ಪಡೆ. ಅದಕ್ಕೆ ಗೌತಮಸೂತ್ರದ ಆಧಾರವಿಲ್ಲ.

ಮೊದಲು ಕೇಬಲ್ಲು. ಅದೇ ಕೇಬಲ್ಲು, ಅದೇ ಆಂಪ್ಲಿಫೈಯರು, ಸ್ನೇಹಿತೆಯಿಂದ ಎರವಲು ತಂದ ಗಿಟಾರು: ನಾದವು ಶುದ್ಧವಾಗಿತ್ತು. ಆದುದರಿಂದ ದೋಷವು ವಾದ್ಯದೊಳಗೇ ಇರಬೇಕು. ಆಮೇಲೆ ಬ್ಯಾಟರಿ. ಮಲ್ಟಿಮೀಟರಿನಲ್ಲಿ ನೋಡಿದರೆ 9 ವೋಲ್ಟಿಗೆ ಬದಲಾಗಿ 6 ಇತ್ತು. ಇಂತಹ ವಾದ್ಯಗಳಲ್ಲಿ ಕೇಬಲ್ಲನ್ನು ಸಿಕ್ಕಿಸುವುದರಿಂದಲೇ ಬ್ಯಾಟರಿಯು ಚಾಲೂ ಆಗುತ್ತದೆ. ನುಡಿಸಿದ ಮೇಲೆ ಕೇಬಲ್ಲನ್ನು ಕೀಳದೆ ಮಲಗಿದರೆ ಅದು ರಾತ್ರಿಯೆಲ್ಲ ವ್ಯರ್ಥವಾಗಿ ಸವೆಯುತ್ತದೆ. ಹೊಸ ಬ್ಯಾಟರಿಯನ್ನು ಹಾಕಿದೊಡನೆ ಒಡಕು ಹೋಯಿತು. ಗುಂಡಿಗಳ ಚಟಪಟಕ್ಕೆ ಕಾರಣ ಧೂಳು. ಗುಂಡಿಯ ಕೆಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಜಾರುತ್ತದೆ. ಅಲ್ಲಿ ಕೊಳೆ ಸೇರಿದರೆ ಈ ಸಿಡಿತ. ಕಾಂಟ್ಯಾಕ್ಟ್ ಕ್ಲೀನರ್ ಎಂಬ ದ್ರವವನ್ನು ಒಂದಿಷ್ಟು ಸಿಂಪಡಿಸಿ ನಲವತ್ತೈವತ್ತು ಸಲ ತಿರುಗಿಸಿದರೆ ಬಹುಪಾಲು ಗುಣವಾಗುತ್ತದೆ. ಬಾಗಿಲಿನ ಕೀಲಿಗೆ ಬಿಡುವಂತೆ ಕೊಬ್ಬರಿ ಎಣ್ಣೆಯನ್ನು ಬಿಡಲು ಹೊರಟ ನಮ್ಮ ಮನೆಯವರನ್ನು ಸಕಾಲದಲ್ಲಿ ತಡೆಯಬೇಕಾಯಿತು.

ಉಳಿದುದು ಹುಂಕಾರ. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಬೇಸಿನ ಅತಿಮಂದ್ರ ತಂತಿಯ ಕಂಪನವು ಸೆಕೆಂಡಿಗೆ ಸುಮಾರು 41, ಅದರ ಮುಂದಿನದು 55. ಮನೆಯ ವೈರುಗಳ ಹುಂಕಾರವು ಸರಿಯಾಗಿ ಇವೆರಡರ ನಡುವೆ ಬಂದು ಕೂಡುತ್ತದೆ! ಮಂದ್ರವನ್ನು ತಗ್ಗಿಸಿ ಅದನ್ನು ಅಡಗಿಸಹೋದರೆ ವಾದ್ಯವೇ ಅಡಗುತ್ತದೆ. ಆದಕಾರಣ ಮೂಲವನ್ನೇ ಹುಡುಕಬೇಕಾಯಿತು. ಪಿಕಪ್ಪಿನ ಸುರುಳಿಯು ಕಡಿದಿದ್ದರೆ ದೊಡ್ಡ ಖರ್ಚು. ಮಲ್ಟಿಮೀಟರಿನ ಮೊನೆಗಳನ್ನು ಮುಟ್ಟಿಸುವಾಗ ಮಗಳು ಉಸಿರು ಬಿಗಿಹಿಡಿದಿದ್ದಳು. ಎರಡು ಸುರುಳಿಗಳೂ ಏಳೆಂಟು ಸಾವಿರ ಓಂ ತೋರಿಸಿದವು. ಹೃದಯವು ನೆಟ್ಟಗಿತ್ತು.

ಕಡೆಗೆ ಸಿಕ್ಕಿದ್ದು ಜ್ಯಾಕು. ಅದರ ನಟ್ಟು ಸಡಿಲಿ, ಕೇಬಲ್ಲನ್ನು ಹಾಕಿ ತೆಗೆದಾಗಲೆಲ್ಲ ಜ್ಯಾಕು ತಾನೂ ತಿರುಗಿ, ಗ್ರೌಂಡ್ ವೈರಿನ ಬೆಸುಗೆ ಬಿರಿದಿತ್ತು. ಒಂದೇ ಒಂದು ಎಳೆ ಅಂಟಿಕೊಂಡಿತ್ತು. ಅದು ಮುಟ್ಟಿದಾಗ ನಾದ, ಬಿಟ್ಟಾಗ ಹುಂಕಾರ. ಸಮಸ್ತವನ್ನೂ ಬದಲಾಯಿಸಬೇಕೆಂದವನು ಮುಚ್ಚಳವನ್ನು ತೆರೆದಿದ್ದನೋ ಇಲ್ಲವೋ!

ಮರುದಿನ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹೊಸ ಜ್ಯಾಕನ್ನು ಕೊಂಡೆವು. ಬ್ಯಾಟರಿಯುಳ್ಳ ವಾದ್ಯಕ್ಕೆ ಮೂರು ಸಂಪರ್ಕಗಳ ಸ್ಟೀರಿಯೊ ಜ್ಯಾಕೇ ಬೇಕು. ಎರಡರದನ್ನು ತಂದರೆ ಬ್ಯಾಟರಿಯು ಚಾಲೂ ಆಗುವುದಿಲ್ಲ. ಬೆಸುಗೆಯನ್ನು ಮಗಳೇ ಹಾಕಿದಳು. ಮೊದಲನೆಯದು ಮಂಕಾದ ಉಂಡೆಯಾಗಿ ನಿಂತಿತು; ಲೋಹವನ್ನು ಮೊದಲು ಕಾಯಿಸಿ ಆಮೇಲೆ ಸಾಲ್ಡರನ್ನು ಮುಟ್ಟಿಸಿದಾಗ ಎರಡನೆಯದು ಹೊಳೆಯುತ್ತ ಹರಿದು ಕೂಡಿಕೊಂಡಿತು.

ಗೃಹಸ್ಥರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆವು. ವಾದ್ಯದೊಳಗಿನ 9 ವೋಲ್ಟಿನಿಂದ ಪ್ರಾಣಭಯವಿಲ್ಲ. ಆಂಪ್ಲಿಫೈಯರನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ನುಡಿಸುವಾಗ ತಂತಿಯು ಕೈಗೆ ಜುಮ್ಮೆಂದರೆ ಕೂಡಲೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಮನೆಯ ಅರ್ತಿಂಗನ್ನೂ ಆಂಪ್ಲಿಫೈಯರನ್ನೂ ಪರೀಕ್ಷಿಸಬೇಕು.

ಆ ರಾತ್ರಿ ಊಟವಾದ ಮೇಲೆ ಅವಳು ಅತಿಮಂದ್ರ ತಂತಿಯನ್ನು ಮೀಟಿದಾಗ ಅಡಿಗೆಮನೆಯ ಲೋಟಗಳು ಸಣ್ಣಗೆ ನಡುಗಿದವು. ಮಾರುವ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಸ್ವರದ ಗುಂಡಿಯಲ್ಲಿ ಈಗಲೂ ಒಂದು ಕಡೆ ಸ್ವಲ್ಪ ಚಟಪಟ ಉಳಿದಿದೆ. ಮುಚ್ಚಳವನ್ನು ಹಾಕುವ ಮೊದಲು ಅವಳು ಗೂಡಿನೊಳಗೆ ಒಂದು ಚೀಟಿಯನ್ನು ಅಂಟಿಸಿದಳು. ಹೊಸ ಜ್ಯಾಕನ್ನು ಹಾಕಿದ ತಾರೀಖು, ಬ್ಯಾಟರಿಯನ್ನು ಬದಲಾಯಿಸಿದ ತಾರೀಖು, ಅದರ ಕೆಳಗೆ ‘ಸ್ವರದ ಗುಂಡಿ ಇನ್ನೂ ಪೂರ್ತಿ ಸರಿಯಾಗಿಲ್ಲ’ ಎಂಬ ಒಂದು ಸಾಲು.